ಮೂರಕ್ಕೆ ಮೂರು

ಲೋಕದಲ್ಲಿ ಬಾಗಿಲು ತಟ್ಟಿ ಒಳಗೆ ಹೋಗುವವರು ಕೋಟ್ಯಂತರ ಜನ. ಒಳಗೆ ಹೋದ ಮೇಲೂ ಬಾಗಿಲು ತಟ್ಟುತ್ತಲೇ ಇರುವವನು ನಮ್ಮ ದಬ್ಬಳ ಒಬ್ಬನೇ. ಅದು ಅವನ ಕೆಲಸ. ನಲವತ್ತು ವರ್ಷ ದಾಟಿದ ಮನೆಗಳೆಲ್ಲ ಒಮ್ಮೆ ಪರೀಕ್ಷೆಗೆ ಒಳಪಡಬೇಕು ಎಂದು ನಗರಸಭೆ ಹುಕುಂ ಹೊರಡಿಸಿದಾಗ ಒಂದು ಸರ್ವೆ ಕಚೇರಿ ಆ ಗುತ್ತಿಗೆ ಹಿಡಿಯಿತು. ಗೋಡೆಗೊಬ್ಬ, ಸೂರಿಗೊಬ್ಬ, ನೀರಿನ ಕೊಳವೆಗೊಬ್ಬ ಎಂದು ಹಂಚಿದ ಮೇಲೆ ಬಾಗಿಲು, ಕಿಟಕಿ, ಮೆಟ್ಟಿಲ ಕಟಕಟೆ ಮುಂತಾದ ಮರಗೆಲಸವೆಲ್ಲ ಇವನ ಪಾಲಿಗೆ ಬಂತು. ಹನ್ನೆರಡು ವರ್ಷ ಅದೇ ಕಚೇರಿಯ ದಾಖಲೆ ಕೋಣೆಯಲ್ಲಿ ಧೂಳು ಕುಡಿದವನು, ಒಂದು ತಿಂಗಳು ನೋಡೋಣ ಎಂಬ ಷರತ್ತಿನ ಮೇಲೆ ಬಿಸಿಲಿಗೆ ಬಂದಿದ್ದ. ಕಚೇರಿ ಅವನ ಕೈಗೊಂದು ದಬ್ಬಳ ಕೊಟ್ಟಿತ್ತು. ಚೌಕಟ್ಟಿನ ಬುಡಕ್ಕೆ ಅದನ್ನು ಚುಚ್ಚಬೇಕು. ಮೊನೆ ನಿಂತರೆ ಮರ ಗಟ್ಟಿ, ಒಳಗಿಳಿದರೆ ಮರ ಕೊಳೆತಿದೆ ಎಂದರ್ಥ. ಹೆತ್ತವರು ಇಟ್ಟ ಹೆಸರನ್ನು ಸಹೋದ್ಯೋಗಿಗಳು ಮೂರೇ ದಿನದಲ್ಲಿ ಮರೆತರು.

ಕೆಲಸಕ್ಕೆ ಕಳಿಸುವಾಗ ಮೇಡಂ, ಅಂದರೆ ಕಚೇರಿಯ ಮುಖ್ಯ ಸರ್ವೇಯರ್, ಮುಖ ಎತ್ತದೆ ಹೇಳಿದ್ದರು: "ನೋಡ್ರೀ, ಒಂದು ಅಂದ್ರೆ ಗಟ್ಟಿ. ಎರಡು ಅಂದ್ರೆ ರಿಪೇರಿ. ಮೂರು ಅಂದ್ರೆ ಅಪಾಯ, ಯಾವ ಗಳಿಗೇಲಾದ್ರೂ ಬೀಳುತ್ತೆ. ಮೂರು ಬಂದ ಕಡೆ ತಕ್ಷಣ ಕೆಂಪು ಚೀಟಿ ಕೊಡಿ. ಏನಿದ್ರೂ ಬರವಣಿಗೇಲಿ; ಮನೆಯವರ ಹತ್ರ ಬಾಯಿ ಬಿಡಬೇಡಿ. ಆಮೇಲೆ, ಬಣ್ಣ ಅಂಟಿಕೊಂಡು ಮುಚ್ಚಿಹೋಗಿರೋ ಕಿಟಕೀನ ಬಲವಂತವಾಗಿ ತೆಗೀಬೇಡಿ. 'ತೆರೆದು ನೋಡಿಲ್ಲ' ಅಂತ ಬರೀರಿ, ಸಾಕು. ಒಂದು ತಪ್ಪಾದ್ರೂ ಮತ್ತೆ ದಾಖಲೆ ಕೋಣೆ."

ದಬ್ಬಳ ಈ ಕೆಲಸವನ್ನು ಬಹಳ ದೊಡ್ಡದು ಮಾಡಿಕೊಂಡಿದ್ದ. ಮರಕ್ಕೆ ಕಿವಿಯಿಟ್ಟು, ಕಣ್ಣು ಮುಚ್ಚಿ, ದೊಡ್ಡ ವೈದ್ಯರ ಹಾಗೆ "ಹ್ಞೂಂ" ಅನ್ನುವುದನ್ನು ಅಭ್ಯಾಸ ಮಾಡಿದ್ದ. ಮನೆಯಲ್ಲಿ ಒಂದು ದಿನ ಹಾಗೆ ಅಂದಾಗ ಅವನ ಹೆಂಡತಿ, "ಮೊದಲು ಆ ಬಚ್ಚಲ ಚಿಲಕ ಸರಿ ಮಾಡಿ, ಆಮೇಲೆ ಹ್ಞೂಂ ಅನ್ನಿ," ಅಂದಳು. ಮನೆಯ ವೈದ್ಯನಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ.

ಆ ಮಧ್ಯಾಹ್ನ ಮೂರು ಗಂಟೆಗೆ ಅವನು ನಿಂತಿದ್ದು ನಿವೃತ್ತ ಹೆಡ್‌ಮೇಷ್ಟ್ರ ಮನೆಯ ಮುಂದೆ. ಮೇಷ್ಟ್ರು ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ಆದರೂ ಆ ಬೀದಿಯಲ್ಲಿ ದೊಡ್ಡವರು ಕೂಡ ಅವರ ಮನೆ ದಾಟುವವರೆಗೆ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಪ್ರತಿ ಸಂಜೆ ಐದು ಹೊಡೆಯುತ್ತಿದ್ದ ಹಾಗೆ ಮೇಷ್ಟ್ರು ಮಹಡಿಯ ಕಿಟಕಿಯಲ್ಲಿ ಬಂದು ಕೂರುತ್ತಿದ್ದರು, ಆರರವರೆಗೆ ಬೀದಿಯನ್ನು ನೋಡುತ್ತಿದ್ದರು. ಬೀದಿ ಆ ಒಂದು ಗಂಟೆ ನೆಟ್ಟಗೆ ನಡೆಯುತ್ತಿತ್ತು.

ಬಾಗಿಲು ತೆರೆದು ಅವರು ಆಡಿದ ಮೊದಲ ಮಾತು, "ಪೆನ್ಸಿಲ್ ಚೂಪಾಗಿದೆಯಾ?"

"ಇದೆ ಸಾರ್."

"ಹಾಗಾದ್ರೆ ಒಳಗೆ ಬಾ."

ದಬ್ಬಳನಿಗೆ ಮೂವತ್ತೆಂಟು ವರ್ಷ. ಆ ಎರಡು ಮಾತಿನಲ್ಲಿ ಅವನು ಹತ್ತು ವರ್ಷದ ಹುಡುಗನಾದ.

ಮುಂಬಾಗಿಲಿನಿಂದ ಶುರು. ಹಾಕಿದ, ತೆಗೆದ, ಮತ್ತೆ ಹಾಕಿದ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಹಳೆಯ ಬಸ್ ಟಿಕೆಟ್ ತೂರಿಸಿ ಸುತ್ತಲೂ ಎಳೆದ. ಬುಡಕ್ಕೆ ದಬ್ಬಳ ಚುಚ್ಚಿದ. ಮೊನೆ ಜಾರಿತೇ ಹೊರತು ಇಳಿಯಲಿಲ್ಲ. ಕಿವಿಯಿಟ್ಟು "ಹ್ಞೂಂ" ಅಂದ. ಇಷ್ಟು ಒಳ್ಳೆಯ ಬಾಗಿಲನ್ನು ಅವನು ಕಂಡಿರಲೇ ಇಲ್ಲ. ಸಂತೋಷದಿಂದ 'ಸ್ಥಿತಿ' ಎಂಬ ಕಾಲಂನಲ್ಲಿ ದಪ್ಪಗೆ 1 ಎಂದು ಬರೆದ.

ಹೆಗಲ ಮೇಲಿಂದ ಬಗ್ಗಿ ನೋಡಿದ ಮೇಷ್ಟ್ರ ಮುಖ ಕೆಂಪಾಯಿತು. "ಒಂದಾ?"

"ಹೌದು ಸಾರ್. ಒಂದೇ."

"ನಮ್ಮ ಮುಂಬಾಗಿಲಿಗೆ ಒಂದು? ನಾಲ್ಕು ಜನ ಹೊತ್ತು ತಂದು ನಿಲ್ಲಿಸಿದ ಬಾಗಿಲು ಕಣಯ್ಯಾ ಇದು!"

"ಅದಕ್ಕೇ ಸಾರ್..."

"ಅದಕ್ಕೇ ಏನು? ಏನು ಅದಕ್ಕೇ?"

ಬಾಯಿ ಬಿಡಬೇಡಿ ಎಂಬ ಮೇಡಂ ಮಾತು ನೆನಪಾಗಿ ದಬ್ಬಳ ತುಟಿ ಹೊಲಿದುಕೊಂಡ. ಇಷ್ಟು ಶಿಸ್ತಿನ ಮನುಷ್ಯರಿಗೆ ಒಂದೂ ಸಾಲದೇನೋ ಎಂದು ಒಳಗೊಳಗೇ ನಡುಗಿದ.

ಅಡುಗೆಮನೆಯ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು, ಕೆಳಗಿನ ಕೀಲಿನಲ್ಲಿ ಎರಡು ತಿರುಪು ಇರಲಿಲ್ಲ. ಇನ್ನೇನು ಕಾದಿದೆಯೋ ಎಂದು ಅಳುಕುತ್ತಲೇ 2 ಬರೆದ. ಮೇಷ್ಟ್ರು ತಲೆದೂಗಿದರು. "ಹ್ಞಾಂ, ಪರವಾಗಿಲ್ಲ. ಅಡುಗೆಮನೆ ಬಾಗಿಲು ಮುಂಬಾಗಿಲಿಗಿಂತ ವಾಸಿ ಅಂತ ಇವತ್ತೇ ಗೊತ್ತಾಗಿದ್ದು."

ಒಲೆಯ ಮುಂದಿದ್ದ ಮೇಷ್ಟ್ರ ಹೆಂಡತಿ ತಿರುಗಿ ನೋಡದೆ, "ವಾಸಿ ಅಲ್ಲದೆ ಏನು? ನೆಲ ಉಜ್ಜೋ ಅರ್ಧ ಕೆಲಸ ಅದೇ ಮಾಡುತ್ತೆ," ಅಂದರು.

ಮಲಗುವ ಕೋಣೆಯ ಬಾಗಿಲಿಗೆ ಒಂದು ಬಂತು. ಮೇಷ್ಟ್ರು ಹಲ್ಲು ಕಡಿದರು. ಬಚ್ಚಲಿಗೂ ಒಂದು, "ನಿನ್ನನ್ನ ಯಾರಯ್ಯಾ ಪರೀಕ್ಷಕ ಅಂತ ಮಾಡಿದ್ದು?" ಅಂದರು. ಮಹಡಿ ಕೋಣೆಯ ಬಾಗಿಲಿಗೆ ಬೀಗ ಬೀಳುತ್ತಿರಲಿಲ್ಲ, ಎರಡು ಬರೆದ. ಮೇಷ್ಟ್ರು ಕೊಂಚ ತಣ್ಣಗಾದರು. ಹೊಗಳಿದರೆ ಬೈಗುಳ, ತೆಗಳಿದರೆ ಸಮಾಧಾನ. ಇದೆಂಥ ಮನೆಯಪ್ಪಾ ಎಂದು ದಬ್ಬಳನಿಗೆ ತಲೆ ಗಿರ್ರೆಂದಿತು. ಒಳಗೆ ಕೊನೆಯದಾಗಿ ಉಳಿದದ್ದು ಆ ಪ್ರಸಿದ್ಧ ಕಿಟಕಿ.

ಅದು ಗೋಡೆಯಿಂದ ಒಂದು ಮೊಳ ಬೀದಿಯ ಕಡೆಗೆ ಚಾಚಿಕೊಂಡ ಮರದ ಕಿಟಕಿ. ಸರಿಯಾಗಿ ಮುಂಬಾಗಿಲಿನ ಮೆಟ್ಟಿಲ ಮೇಲೆಯೇ ಇತ್ತು. ಒಳಗಡೆ ಕೂರಲು ಅಗಲವಾದ ಹಲಗೆ, ಮೂರು ಕಡೆಗೂ ಗಾಜಿನ ಕದ. ಇಡೀ ಕಿಟಕಿ ಹೊಸ ಹಾಲಿನ ಹಾಗೆ ಬೆಳ್ಳಗಿತ್ತು.

"ವರ್ಷಕ್ಕೊಂದು ಸಲ ನಾನೇ ಬಣ್ಣ ಹೊಡೀತೀನಿ," ಎಂದು ಮೇಷ್ಟ್ರು ಎದೆಯುಬ್ಬಿಸಿದರು. "ಹನ್ನೊಂದು ವರ್ಷದಿಂದ ಈ ಕದ ತೆಗೆಯೋಕೆ ಯಾರ ಕೈಲೂ ಆಗಿಲ್ಲ. ಬಿಗಿ ಹಾಗಿದೆ. ನಿನ್ನ ಕೈಲಂತೂ ಆಗೋ ಮಾತೇ ಅಲ್ಲ."

'ತೆರೆದು ನೋಡಿಲ್ಲ' ಎಂದು ಎರಡು ಪದ ಬರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮುಂಬಾಗಿಲಿನಿಂದ ಮಹಡಿಯವರೆಗೆ ಬೈಸಿಕೊಂಡು ಬಂದ ಗಂಡಸಿಗೂ ಒಂದು ಮಾನ ಇರುತ್ತದೆ. ದಬ್ಬಳ ತನ್ನ ಆಯುಧವನ್ನು ಕದದ ಸಂದಿನಲ್ಲಿಟ್ಟು ಮೇಲಿನಿಂದ ಕೆಳಗೆ ಬಣ್ಣವನ್ನು ಸೀಳಿದ. ಅಂಗೈಯಿಂದ ಗುದ್ದಿದ. ಒಮ್ಮೆ, ಎರಡು ಸಲ, ಮೂರನೆಯದಕ್ಕೆ ಕದ ಹಾರಿ ತೆರೆದು ಬೀದಿಯ ಗಾಳಿ ಒಳಗೆ ನುಗ್ಗಿತು.

ಅದರ ಹಿಂದೆಯೇ 'ಟಪ್' ಎಂದು ಒಂದು ಸದ್ದು.

ಚೌಕಟ್ಟಿಗೂ ಗೋಡೆಗೂ ನಡುವೆ ಬಣ್ಣದಲ್ಲಿ ಕೂದಲೆಳೆಯಂಥ ಒಂದು ಬಿರುಕು ಹುಟ್ಟಿತು. ಅವನು ನೋಡುತ್ತಿದ್ದ ಹಾಗೆಯೇ ಅದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಿತು. ದಬ್ಬಳ ಮಂಡಿಯೂರಿ ಹಲಗೆಯ ಬುಡಕ್ಕೆ ಮೊನೆ ಚುಚ್ಚಿದ. ಅದು ಹಿಡಿಯವರೆಗೂ ಇಳಿದುಹೋಯಿತು. ಪಕ್ಕಕ್ಕೆ ಚುಚ್ಚಿದ, ಅಲ್ಲಿಯೂ ಹಾಗೆಯೇ. ಹೊರಗೆಳೆದರೆ ಕಾಫಿಪುಡಿಯಂಥ ಕಂದು ಹಿಟ್ಟು ಉದುರಿತು. ಮರ ಎಂದೋ ಹೋಗಿತ್ತು. ಇಷ್ಟು ವರ್ಷ ಮೇಷ್ಟ್ರು ಕೂತಿದ್ದು ಬಣ್ಣದ ಮೇಲೆ. ಆ ಬಣ್ಣವನ್ನೂ ಇವನು ಈಗ ತಾನೇ ಸೀಳಿದ್ದ.

ಪಟ್ಟಿ ಎಳೆದುಕೊಂಡು 3 ಬರೆದ.

"ಎಷ್ಟು?" ಮೇಷ್ಟ್ರು ಕೇಳಿದರು.

"ಮೂ... ಮೂರು ಸಾರ್."

"ಮೂರು!" ಮೇಷ್ಟ್ರ ದನಿ ಮೆತ್ತಗಾಯಿತು. "ಇದಕ್ಕಿಂತ ಮೇಲೆ ಎಷ್ಟಿದೆ?"

"ಮೇಲೆ ಇಲ್ಲ ಸಾರ್. ಮೂರೇ ಕೊನೆ."

"ಇವಳೇ! ಬಾರೇ ಇಲ್ಲಿ! ನಮ್ಮ ಕಿಟಕಿಗೆ ಮೂರಕ್ಕೆ ಮೂರು!"

ಆಗ ದಬ್ಬಳನಿಗೆ ಎಲ್ಲವೂ ಅರ್ಥವಾಯಿತು. ಮೂವತ್ತೈದು ವರ್ಷ ಮಾರ್ಕ್ಸು ಹಾಕಿದ ಮನುಷ್ಯ ಈ ಪಟ್ಟಿಯನ್ನು ಮಾರ್ಕ್ಸಿನ ಪಟ್ಟಿ ಎಂದೇ ಓದುತ್ತಿದ್ದಾರೆ. "ಸಾರ್, ಅದು..." ಎಂದು ಬಾಯಿ ತೆರೆದ. ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟರು. "ಇಷ್ಟು ಹೊತ್ತು ನಿನ್ನನ್ನ ದಡ್ಡ ಅಂದ್ಕೊಂಡಿದ್ದೆ ಕಣಯ್ಯಾ. ನೀನು ಕಣ್ಣಿರೋ ಮನುಷ್ಯ."

ಹುಟ್ಟಿದಾಗಿನಿಂದ ಯಾವ ಮೇಷ್ಟ್ರೂ ಅವನಿಗೆ ಈ ಮಾತು ಹೇಳಿರಲಿಲ್ಲ. ಅವನಿಗೆ ನಿಜವಾಗಿಯೂ ಸಂತೋಷವಾಯಿತು, ಭಯವೂ ಆಯಿತು. ಎರಡೂ ಸೇರಿ ಅವನ ಬಾಯಿ ಮುಚ್ಚಿಸಿದವು. ಅಷ್ಟರಲ್ಲಿ ಮೇಷ್ಟ್ರು ಎದುರುಮನೆಗೆ ಸುದ್ದಿ ಕೂಗಲು ಕಿಟಕಿಯತ್ತ ಹೊರಟಿದ್ದರು. ದಬ್ಬಳ ಹಿಂದಿನಿಂದ ಅವರ ಅಂಗಿಯ ತುದಿ ಹಿಡಿದುಕೊಂಡ.

"ಏನಯ್ಯಾ ಇದು?"

"ಚೀಟಿ ಸಾರ್! ಈ ಕಿಟಕಿಗೆ ಬೇರೆ ಚೀಟಿ ಇದೆ. ಕೆಳಗೇ ಕೊಡಬೇಕು ಸಾರ್, ಕೆಳಗೆ. ಕಾನೂನು."

ಬಾಯಲ್ಲಿ ಹೇಳಲಾಗದಿದ್ದರೇನು, ಬರವಣಿಗೆ ಹೇಳುತ್ತದೆ ಎಂದು ಅವನಿಗೆ ಧೈರ್ಯ ಬಂದಿತ್ತು. ಆದರೆ ಕಚೇರಿಯವರು ಕೆಂಪು ಚೀಟಿಯ ಮೇಲೆ 'ವಸ್ತು', 'ಸ್ಥಿತಿ' ಎಂದು ಎರಡೇ ಸಾಲು ಅಚ್ಚು ಹಾಕಿಸಿದ್ದರು. ಕೆಂಪು ಕಂಡರೆ ಯಾರಿಗಾದರೂ ಅಪಾಯ ಗೊತ್ತಾಗುತ್ತದೆ ಎಂದು ಅವರ ನಂಬಿಕೆ. ಜೀವಮಾನವೆಲ್ಲ ಕೆಂಪು ಶಾಯಿಯಲ್ಲೇ ಮಾರ್ಕ್ಸು ಬರೆದ ಕೈಯೊಂದು ಇಲ್ಲಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? 'ಮಹಡಿ ಕಿಟಕಿ: 3' ಎಂದು ಬರೆದು, ಅಪಾಯ ಎದ್ದು ಕಾಣಲಿ ಎಂದು ದಬ್ಬಳ ಅಡಿಯಲ್ಲಿ ಎರಡು ಗೆರೆಯನ್ನೂ ಎಳೆದ. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. "ಅಡಿಗೆರೆ ಬೇರೆ!" ಎಂದವರೇ ಗೋಂದು ತಂದು ಅದನ್ನು ಮುಂಬಾಗಿಲಿನ ಹೊರಮೈಗೆ ಅಂಟಿಸಿದರು.

ಹತ್ತು ನಿಮಿಷದಲ್ಲಿ ಬೀದಿ ಅಲ್ಲಿತ್ತು. ಎಲ್ಲರೂ ಚೀಟಿ ನೋಡಲು ಮೆಟ್ಟಿಲ ಮೇಲೆ, ಸರಿಯಾಗಿ ಆ ಕಿಟಕಿಯ ಕೆಳಗೆ, ಕತ್ತು ಚಾಚಿ ನಿಂತರು. ಟೈಲರಮ್ಮ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದಿದ್ದರು. "ನಮ್ಮ ಬಾಗಿಲಿಗೂ ಒಂದು ಮೂರು ಕೊಡ್ರೀ. ಬೇಕಾದ್ರೆ ಒಂದು ಅಂಗಿ ಹೊಲ್ದು ಕೊಡ್ತೀನಿ." ಬೇಕರಿಯವನು ಹಿಟ್ಟಿನ ಕೈ ಮುಗಿದ. "ಅಣ್ಣಾ, ನಮ್ಮದಕ್ಕೆ ಎರಡೂವರೆ ಬಂದ್ರೂ ಸಾಕು, ಜಾಸ್ತಿ ಆಸೆ ಇಲ್ಲ."

"ಮೆಟ್ಟಿಲ ಮೇಲೆ ನಿಲ್ಲಬೇಡಿ! ದೂರ, ದೂರ!" ಎಂದ ದಬ್ಬಳ.

"ಅಧಿಕಾರಿಗಳಿಗೆ ಗಾಳಿ ಬಿಡ್ರೋ," ಎಂದು ಬೇಕರಿಯವನು ಎಲ್ಲರನ್ನೂ ಅರ್ಧ ಅಡಿ ಹಿಂದೆ ಸರಿಸಿದ. ಮೇಲೆ ಎಲ್ಲಿಯೋ ಸಣ್ಣಗೆ ಕಿರ್ ಎಂದಿತು. ಸದ್ದು ಕೇಳಿದವನು ದಬ್ಬಳ ಒಬ್ಬನೇ.

ಅವನು ಬಚ್ಚಲಿಗೆ ಓಡಿ, ಚಿಲಕ ಹಾಕಿ, ಮೇಡಂಗೆ ಫೋನ್ ಮಾಡಿದ.

"ಮೇಡಂ, ಒಂದು ಮೂರು ಬಂದಿದೆ."

"ಚೀಟಿ ಕೊಟ್ರಾ?"

"ಕೊಟ್ಟೆ ಮೇಡಂ. ಮುಂಬಾಗಿಲಿಗೆ ಅಂಟಿಸಿದಾರೆ."

"ಅಂಟಿಸಿದಾರಾ? ಪರವಾಗಿಲ್ವೇ, ತಿಳಿದವರು. ಮತ್ತೆ ಯಾಕೆ ಫೋನು? ಬಾಯಿ ಬಿಟ್ರಾ?"

"ಇಲ್ಲ ಮೇಡಂ."

"ಏನಾದ್ರೂ ಬಲವಂತವಾಗಿ ತೆಗೆದ್ರಾ?"

ದಬ್ಬಳನಿಗೆ ದಾಖಲೆ ಕೋಣೆಯ ಧೂಳು ಮೂಗಿಗೆ ಬಂದಂತಾಯಿತು. ಒಂದು ಸೀನು ಸೀನಿದ. ಅದನ್ನೇ ಉತ್ತರ ಎಂದುಕೊಂಡು ಮೇಡಂ ಫೋನ್ ಇಟ್ಟರು.

ಹೊರಗೆ ಬಂದಾಗ ಗಂಟೆ ನಾಲ್ಕೂ ಮುಕ್ಕಾಲು, ಹಜಾರದಲ್ಲಿ ಎದುರುಮನೆಯ ನಿವೃತ್ತ ಸ್ಟೇಷನ್ ಮಾಸ್ಟರು ನಿಂತಿದ್ದರು. ಅವರೂ ಮೇಷ್ಟ್ರೂ ಆರು ವರ್ಷದಿಂದ ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿದಿರಲಿಲ್ಲ. ಯಾರ ಮನೆಯ ಗಡಿಯಾರ ಸರಿ ಎಂಬ ಮಾತಿಗೆ ಶುರುವಾದ ಜಗಳ ಅದು. ಇವತ್ತು ಅವರೇ ಬಂದಿದ್ದರು, ಕಂಕುಳಲ್ಲಿ ಗಾಜು ಹಾಕಿಸಿದ ಒಂದು ಕಾಗದ. ಹೋದ ವಾರ ದಬ್ಬಳನೇ ಅವರ ಮನೆ ಪರೀಕ್ಷಿಸಿ ಕೊಟ್ಟ ವರದಿ. ಬಾಗಿಲು ಆರು, ಕಿಟಕಿ ಒಂಬತ್ತು, ಎಲ್ಲಕ್ಕೂ ಒಂದು.

"ಓಹೋ, ಎಲ್ಲಾ ಒಂದಾ?" ಮೇಷ್ಟ್ರು ಗಾಜಿನ ಮೇಲೆ ಬೆರಳಾಡಿಸಿದರು. "ಒಂದು ಕೂಡ ಎರಡಿಲ್ಲ. ಫೇಲಾಗಿದ್ದಕ್ಕೆ ಕಟ್ಟು ಹಾಕಿಸಿದವರನ್ನ ನಾನು ಇದೇ ಮೊದಲು ನೋಡ್ತಿರೋದು."

ಸ್ಟೇಷನ್ ಮಾಸ್ಟರ ಮುಖ ಬಿಳಿಚಿಕೊಂಡಿತು. ಒಂದು ವಾರ ಆ ಕಾಗದವನ್ನು ಬಂದವರಿಗೆಲ್ಲ ತೋರಿಸಿದ್ದರು ಪಾಪ. "ಏನ್ರೀ ಇದು? ನಮ್ಮನೇಲಿ ಎರಡು ಲೋಟ ಕಾಫಿ ಕುಡಿದು ನಂಗೆ ಒಂದು ಕೊಟ್ಟು ಹೋದ್ರಾ?"

ಇನ್ನು ತಡೆಯಲಾರೆ ಎನಿಸಿತು ದಬ್ಬಳನಿಗೆ. ಕೆಲಸ ಹೋದರೆ ಹೋಗಲಿ ಎಂದು ಬಾಯಿ ಬಿಟ್ಟೇಬಿಟ್ಟ. "ಸಾರ್, ಒಂದೇ ಒಳ್ಳೇದು! ಒಂದು ಅಂದ್ರೆ ಗಟ್ಟಿ. ಮೂರು ಅಂದ್ರೆ ಕೆಟ್ಟದ್ದು. ಮೇಷ್ಟ್ರ ಕಿಟಕಿ ಇವತ್ತೋ ನಾಳೆಯೋ ಬೀಳುತ್ತೆ!"

ಮೇಷ್ಟ್ರು ನಿಧಾನವಾಗಿ ನಕ್ಕರು.

"ನೋಡಿದ್ರಾ? ಸೋತವರ ಮುಖ ನೋಡಿ ಸಮಾಧಾನ ಹೇಳ್ತಿದಾನೆ. ಒಳ್ಳೇ ಮನಸ್ಸು ಕಣಯ್ಯಾ ನಿಂದು. ಆದ್ರೆ ಸುಳ್ಳು ಹೇಳಬಾರದು."

"ನಂಗೆ ಯಾರ ಕನಿಕರವೂ ಬೇಡ!" ಎಂದು ಸ್ಟೇಷನ್ ಮಾಸ್ಟರು ಗುಡುಗಿದರು.

"ಕನಿಕರ ಅಲ್ಲ ಸಾರ್, ನಿಜ!"

"ಬಾ ಇಲ್ಲಿ," ಎಂದರು ಮೇಷ್ಟ್ರು. "ಮೂರು ದೊಡ್ಡದೋ, ಒಂದು ದೊಡ್ಡದೋ?"

"ಮೂರು ಸಾರ್."

"ಬಲವಾದದ್ದಕ್ಕೆ ದೊಡ್ಡ ಸಂಖ್ಯೆ ಕೊಡ್ತಾರೋ, ಸಣ್ಣದು ಕೊಡ್ತಾರೋ?"

"ದೊಡ್ಡದೇ ಸಾರ್. ಆದ್ರೆ ನಮ್ಮ ಕಚೇರಿಯವರು..."

"ಕಚೇರಿಗೆ ಬೇರೆ ಲೆಕ್ಕ, ಲೋಕಕ್ಕೆ ಬೇರೆ ಲೆಕ್ಕ ಇರುತ್ತಾ?"

"ಇಲ್ಲ ಸಾರ್," ಎಂದು ದಬ್ಬಳನ ನಾಲಿಗೆ ತಾನಾಗಿಯೇ ಹೇಳಿತು. ಮೇಷ್ಟ್ರ ಮುಂದೆ ನಿಂತ ನಾಲಿಗೆ ನಮ್ಮ ಮಾತು ಕೇಳುವುದಿಲ್ಲ.

"ಐದಕ್ಕೆ ನಾನು ಕಿಟಕೀಲಿ ಕೂತು ಬೀದಿಗೆ ನಾಲ್ಕು ಮಾತು ಹೇಳೋನಿದೀನಿ. ಮನೆ ಅಂದ್ರೆ ಹೇಗೆ ನೋಡ್ಕೋಬೇಕು ಅಂತ," ಎಂದು ಮೇಷ್ಟ್ರು ಸಾರಿದರು. "ಸ್ಟೇಷನ್ ಮಾಸ್ಟ್ರೇ, ನೀವೂ ಮೇಲೆ ಬನ್ನಿ. ಮೂರು ಅಂದ್ರೆ ಹೇಗಿರುತ್ತೆ ಅಂತ ಮುಟ್ಟಿ ನೋಡಿ." ಕೂದಲು ಬಾಚಿಕೊಳ್ಳಲು ಅವರು ಕೋಣೆಗೆ ಹೋದರು. ನಾಲ್ಕು ಮಾತಿನ ಸುದ್ದಿ ಕಿವಿಯಿಂದ ಕಿವಿಗೆ ಹೋಗಿ, ಹೊರಗೆ ಮೆಟ್ಟಿಲ ಮೇಲಿನ ಜನ ಎರಡರಷ್ಟಾದರು.

ಅಡುಗೆಮನೆಯ ಬಾಗಿಲಿನಿಂದ ಒಂದು ಕೈ ಬಂದು ದಬ್ಬಳನನ್ನು ಒಳಗೆಳೆಯಿತು. ಮೇಷ್ಟ್ರ ಹೆಂಡತಿ.

"ನಿಜ ಹೇಳಪ್ಪಾ. ಬೀಳುತ್ತಾ?"

"ಬೀಳುತ್ತೆ ಅಮ್ಮಾ. ಮರಾನೇ ಇಲ್ಲ ಅಲ್ಲಿ, ಬರೀ ಬಣ್ಣ. ಆ ಬಣ್ಣಾನೂ ನಾನೇ ಸೀಳಿಬಿಟ್ಟೆ. ತಪ್ಪು ನಂದೇ." ಅವನ ಕಣ್ಣಲ್ಲಿ ನೀರು ಬಂದಿತ್ತು.

"ನಂಗೆ ಗೊತ್ತಿತ್ತು. ಜೋರು ಗಾಳಿ ಬಂದ್ರೆ ಅದು ನರಳೋದು ಕೇಳಿಸುತ್ತೆ. ಎರಡು ವರ್ಷದಿಂದ ಹೇಳ್ತಾ ಇದೀನಿ. ನಲವತ್ತು ಹುಡುಗರ ಗಲಾಟೆ ಕೇಳಿ ಕೇಳಿ, ಒಬ್ಬ ಹೆಂಗಸಿನ ಮಾತು ಅವರ ಕಿವಿಗೆ ಬೀಳಲ್ಲ. ನಡಿ, ಮಹಡಿ ಕೋಣೆಗೆ ಬೀಗ ಹಾಕಿಬಿಡೋಣ."

"ಅದಕ್ಕೆ ಬೀಗ ಬೀಳಲ್ಲ ಅಮ್ಮಾ. ನಾನೇ ಎರಡು ಬರ್ದಿದೀನಿ."

ಅವರು ಅವನನ್ನು ಒಮ್ಮೆ ನೋಡಿದರು. ಹಜಾರದ ಗಡಿಯಾರ ಐದು ಹೊಡೆಯತೊಡಗಿತು. ಅದರ ಜೊತೆಗೇ ಒಳಗಿನ ಮಹಡಿ ಮೆಟ್ಟಿಲ ಮೇಲೆ ಇಬ್ಬರ ಹೆಜ್ಜೆಯ ಸದ್ದು. "ಮೇಲಿನವರನ್ನ ನಾನು ನೋಡ್ಕೋತೀನಿ," ಎಂದವರೇ ಮೇಷ್ಟ್ರ ಹೆಂಡತಿ ಸೆರಗು ಬಿಗಿದರು. "ಕೆಳಗಿನವರನ್ನ ನೀನು ನೋಡ್ಕೋ. ಓಡು!"

ದಬ್ಬಳ ಓಡಿದ. ಮುಂಬಾಗಿಲು ತೆರೆದರೆ ಎದುರಿಗೆ ಮುಖಗಳ ಗೋಡೆ. ಮುದುಕರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು, ಎಲ್ಲರ ಮುಖವೂ ಮೇಲಕ್ಕೆ. "ಹೋಗಿ! ಎಲ್ಲಾ ಹೋಗಿ! ಕಿಟಕಿ ಬೀಳುತ್ತೆ!" ಎಂದು ಕಿರುಚಿದ.

"ಎಲ್ಲಿ, ಎಲ್ಲಿ?" ಎಂದು ಹಿಂದೆ ನಿಂತಿದ್ದವರೆಲ್ಲ ಮುಂದೆ ಬಂದರು. ಬೀಳುವುದನ್ನು ಹತ್ತಿರದಿಂದ ನೋಡಬೇಕೆಂಬುದು ಜನರ ಸ್ವಭಾವ. ಟೈಲರಮ್ಮ ನಕ್ಕರು. "ಮೂರಕ್ಕೆ ಮೂರು ಬಂದಿರೋ ಕಿಟಕಿ ಬೀಳುತ್ತಂತೆ, ಕೇಳ್ರಪ್ಪಾ!"

ಮೇಲೆ ಮೇಷ್ಟ್ರ ದನಿ ಕೇಳಿಸಿತು. "ಇವಳೇ, ನನ್ನ ಕನ್ನಡಕ ಎಲ್ಲಿ? ಕನ್ನಡಕ ಇಲ್ಲದೆ ನಾನು ಕೂರಲ್ಲ ಅಂತ ಗೊತ್ತಲ್ಲ?"

"ಅಲ್ಲೇ ಎಲ್ಲೋ ಇಟ್ಟಿರ್ತೀರಿ. ಹುಡುಕಿ, ಹುಡುಕಿ. ಮಂಚದ ಕೆಳಗೆ ನೋಡಿ."

ಕಿಟಕಿಯ ಅಂಚಿನಿಂದ ಒಂದು ಚಿಟಿಕೆ ಕಂದು ಹಿಟ್ಟು ಉದುರಿ ಬೇಕರಿಯವನ ತಲೆಯ ಮೇಲೆ ಬಿತ್ತು. ದಿನವೆಲ್ಲ ಹಿಟ್ಟಿನಲ್ಲೇ ಇರುವವನು, ಅವನಿಗೆ ಗೊತ್ತೇ ಆಗಲಿಲ್ಲ. ದಬ್ಬಳ ಅದನ್ನು ಕಂಡ. ಹೆದರಿಸಿದರೆ ಈ ಜನ ಹೋಗುವುದಿಲ್ಲ, ಬೇಡಿಕೊಂಡರೂ ಹೋಗುವುದಿಲ್ಲ. ಅವನು ವರದಿಯ ಪುಸ್ತಕವನ್ನು ತಲೆಯ ಮೇಲೆ ಎತ್ತಿ ಹಿಡಿದು, ಗಂಟಲು ಹರಿಯುವ ಹಾಗೆ ಕೂಗಿದ:

"ಮೂರು ಬೇಕಾದವರು ನನ್ನ ಹಿಂದೆ ಬನ್ನಿ! ಮೊದಲು ಬಂದವರಿಗೆ ಮೊದಲು! ಬೀದಿ ಕೊನೆಯಿಂದ ಶುರು!"

ಹೇಳಿದವನೇ ಓಟ ಕಿತ್ತ. ಮೊದಲು ಟೈಲರಮ್ಮ ಸೆರಗು ಸಿಕ್ಕಿಸಿ ಹೊರಟರು. ಅವರನ್ನು ಕಂಡು ಬೇಕರಿಯವನು, ಅವನನ್ನು ಕಂಡು ಉಳಿದವರು. ಮೊಮ್ಮಕ್ಕಳನ್ನು ಕೈ ಹಿಡಿದು ಎಳೆದುಕೊಂಡು ಮುದುಕರೂ ಹೊರಟರು. ಮಹಡಿಯ ಮೇಲೆ ಈ ಕೂಗು ಕೇಳಿದ ಸ್ಟೇಷನ್ ಮಾಸ್ಟರು, ಕಿಟಕಿಯ ಹಲಗೆಗೆ ತಾಗಿಸಲಿದ್ದ ಕೈಯನ್ನು ಹಿಂದೆಳೆದು, "ನಂದೂ ತಿದ್ದಿಸ್ಬೇಕು!" ಎಂದು ಗಾಜಿನ ವರದಿಯೊಂದಿಗೆ ಎರಡೆರಡು ಮೆಟ್ಟಿಲು ಹಾರಿ ಇಳಿದರು. ಮೆಟ್ಟಿಲು ಇಳಿದು ಬೀದಿ ಮುಟ್ಟಿದ ಕೊನೆಯ ಜೀವ ಅವರದೇ.

ಕೋಣೆಯಲ್ಲಿ ಉಳಿದವರು ಮೇಷ್ಟ್ರು ಮತ್ತು ಅವರ ಹೆಂಡತಿ. ಮಂಚದ ಕೆಳಗಿನಿಂದ ಎದ್ದ ಮೇಷ್ಟ್ರಿಗೆ ತಮ್ಮ ಕನ್ನಡಕ ಕಂಡದ್ದು ಹೆಂಡತಿಯ ಮೂಗಿನ ಮೇಲೆ. "ಏನೇ ಇದು ಹುಡುಗಾಟ!" ಎಂದು ಅವರು ರೇಗಿದರು. ಹೊರಗೆ ಆ ಗಲಾಟೆ ಬೇರೆ. "ಶಿಸ್ತು ಅನ್ನೋದೇ ಇಲ್ಲ ಈ ಬೀದಿಗೆ," ಎನ್ನುತ್ತ ಕದ ಮುಚ್ಚಲು ನಿಂತಲ್ಲಿಂದಲೇ ಕೈ ಚಾಚಿದರು. ಹೆಂಡತಿ ಅವರ ಇನ್ನೊಂದು ಕೈಯನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಜಗ್ಗಿದರು. ಮೇಷ್ಟ್ರ ಬೆರಳು ಕದಕ್ಕೆ ತಾಗಿತು. ತಾಗಿತು ಅಷ್ಟೇ, ಎಳೆಯಲೂ ಇಲ್ಲ.

ಹನ್ನೊಂದು ವರ್ಷದ ಬಣ್ಣ ಬಟ್ಟೆ ಹರಿದ ಸದ್ದು ಮಾಡಿತು. ಹಲಗೆ, ಗಾಜು, ಕದ, ಚೌಕಟ್ಟು ಎಲ್ಲವೂ ಒಟ್ಟಾಗಿ, ಯಾವ ಅವಸರವೂ ಇಲ್ಲದೆ, ಮುಂದಕ್ಕೆ ವಾಲಿ ಬೀದಿಗೆ ಹೋದವು.

ಬೀದಿಯ ಕೊನೆಯಲ್ಲಿ ಓಡುತ್ತಿದ್ದವರೆಲ್ಲ ನಿಂತರು. ತಿರುಗಿ 'ಒಂದು, ಎರಡು' ಎಂದು ಜನರನ್ನು ಎಣಿಸಿದವನು ದಬ್ಬಳ ಒಬ್ಬನೇ. ಟೈಲರಮ್ಮ ಇದ್ದರು, ಬೇಕರಿಯವನು ಇದ್ದ, ಸ್ಟೇಷನ್ ಮಾಸ್ಟರು ಅರ್ಧ ದಾರಿಯಲ್ಲಿ ಬಾಯಿ ತೆರೆದು ನಿಂತಿದ್ದರು. ಮೆಟ್ಟಿಲ ಮೇಲೆ ಎದೆಯೆತ್ತರದ ಮರದ ರಾಶಿ ಬಿದ್ದಿತ್ತು. ಅದರ ಅಡಿಯಲ್ಲಿ ಯಾರೂ ಇರಲಿಲ್ಲ. ದಬ್ಬಳ ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತ. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ಆ ಮೂರು ಏನಾಯ್ತ್ರೀ?" ಮೇಡಂ ಕೇಳಿದರು.

"ಕಿಟಕಿ ಬಿತ್ತು ಮೇಡಂ. ಬಲವಂತವಾಗಿ ತೆಗೆದೆ, ಬಾಯಿನೂ ಬಿಟ್ಟೆ. ಯಾರಿಗೂ ಏನೂ ಆಗಿಲ್ಲ."

"ಯಾರಿಗೂ?"

"ಯಾರಿಗೂ ಮೇಡಂ."

"ನಾಳೆ ಬನ್ನಿ. ದಾಖಲೆ ಕೋಣೆಗಲ್ಲ, ನನ್ನ ಕೋಣೆಗೆ. ಆ ಕೆಂಪು ಚೀಟಿ ಮೇಲೆ ಇನ್ನೊಂದು ಸಾಲು ಏನು ಅಚ್ಚು ಹಾಕಿಸ್ಬೇಕು ಅಂತ ನೀವೇ ಹೇಳಿ."

ಜನ ಮೆಲ್ಲಗೆ, ಈ ಸಲ ತಾವಾಗಿಯೇ ದೂರ ಉಳಿದು, ಮೇಷ್ಟ್ರ ಮನೆಯ ಮುಂದೆ ಸೇರಿದರು. ಮಹಡಿಯ ಗೋಡೆಯಲ್ಲಿ ದೊಡ್ಡ ಚೌಕದ ತೂತು. ಅದರ ನಡುವೆ ಮೇಷ್ಟ್ರು, ಚಾಚಿದ ಕೈಯನ್ನು ಇನ್ನೂ ಇಳಿಸದೆ, ನೆಟ್ಟಗೆ ನಿಂತಿದ್ದರು. ಅವರ ನಡು ಬಳಸಿ ಹಿಡಿದುಕೊಂಡು ಹಿಂದೆ ಹೆಂಡತಿ.

"ಯಾರೂ ನಗಬಾರದು!" ಎಂದು ಮೇಷ್ಟ್ರು ಮೇಲಿನಿಂದ ಗುಡುಗಿದರು.

ಯಾರೂ ನಗಲಿಲ್ಲ. ಹಿಂದಿನಿಂದ ಅವರ ಹೆಂಡತಿ ಮಾತ್ರ ನಕ್ಕರು. ನಗುತ್ತ ನಗುತ್ತ ಅತ್ತರು, ಅಳುತ್ತಲೇ ಅವರ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಮೇಷ್ಟ್ರು ಅದಕ್ಕೂ ಅಲುಗಲಿಲ್ಲ. ಕೆಳಗಿನ ರಾಶಿಯನ್ನು ನೋಡಿದರು, ಆಮೇಲೆ ದಬ್ಬಳನನ್ನು.

"ಏಯ್. ಮೂರು ಅಂದ್ರೆ ಏನು ಅಂದೆ?"

"ಇದೇ ಸಾರ್," ಎಂದು ದಬ್ಬಳ ರಾಶಿಯನ್ನು ತೋರಿಸಿದ.

ಮೇಷ್ಟ್ರು ಒಪ್ಪಿಕೊಂಡವರಂತೆ ತಲೆಯಾಡಿಸಿದರು. ಏನೋ ಕೂಡಿಸಿ ಕಳೆಯುತ್ತಿರುವ ಹಾಗೆ ಅವರ ತುಟಿ ಅಲುಗಿತು. ದೃಷ್ಟಿ ನಿಧಾನವಾಗಿ ಬೀದಿ ದಾಟಿ ಎದುರುಮನೆಯ ಕಡೆ ಹೋಯಿತು. ಸ್ಟೇಷನ್ ಮಾಸ್ಟರು ಗಾಜು ಹಾಕಿಸಿದ ವರದಿಯನ್ನು ಎದೆಗವಚಿಕೊಂಡು ನಿಂತಿದ್ದರು, ಅವರ ಮುಖ ಅರಳುತ್ತಿತ್ತು.

"ಹಾಗಾದ್ರೆ," ಎಂದರು ಮೇಷ್ಟ್ರು, ದನಿ ಮೊದಲ ಬಾರಿಗೆ ನಡುಗಿತು, "ಇವರ ಮನೆಗೆ... ಎಲ್ಲಾ ಒಂದೂ..."

"ಎಲ್ಲಾ ಫಸ್ಟ್ ಕ್ಲಾಸ್ ಸಾರ್."

ಕಿಟಕಿ ಬಿದ್ದಾಗಲೂ ನಿಂತೇ ಇದ್ದ ಮೇಷ್ಟ್ರು, ಈಗ ಕುಳಿತುಬಿಟ್ಟರು.